ಬಾಗಿಲ ಹೊರಗೆ ಇಪ್ಪತ್ತೆರಡು ವರ್ಷ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಆಡದವರಿಲ್ಲ. ಮಗನ ಉದ್ಯೋಗ ತಡವಾದಾಗ, ಮಳೆ ಹಿಂದಾದಾಗ, ತಾತನ ಕಾಲದ ವ್ಯಾಜ್ಯವು ಮೊಮ್ಮಗನ ಕಾಲಕ್ಕೆ ತೀರ್ಮಾನವಾದಾಗ, ಅಜ್ಜಿಯರ ಬಾಯಿಂದ ಇದು ತಾನಾಗಿಯೇ ಹೊರಡುವುದು. ಈ ತಿಂಗಳು ನಾವು ಯಾರ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದಿರುವೆವೋ ಆತನಿಗೆ ಕಡಲೆ ದೊರೆತುದು ನಲವತ್ತೆರಡನೆಯ ವಯಸ್ಸಿನಲ್ಲಿ. ಆಶ್ಚರ್ಯವೇನೆಂದರೆ, ಆಗಲೂ ಆತನ ಹಲ್ಲು ಗಟ್ಟಿಯಾಗಿಯೇ ಇದ್ದಿತು. ಅಮೆರಿಕಾ ದೇಶದ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವುದಕ್ಕೆ ಹೆಸರಾದ ಸ್ಯಾಚಲ್ ಪೇಜನೇ ಆತನು.

ಆಟಗಾರರ ಪ್ರಸ್ತಾಪ ಈ ಪುಟಗಳಲ್ಲಿ ಬರುವುದು ಅಪೂರ್ವ. ಚೆಂಡುದಾಂಡುಗಳ ಕಥೆ ಸಂಸಾರವಂದಿಗರಿಗೆ ಏತಕ್ಕೆ ಎಂದು ಕೆಲವರಿಗೆ ತೋರಬಹುದು. ಆದರೆ ಇದು ಬರಿಯ ಆಟದ ಕಥೆಯಲ್ಲ. ಪರರ ಬಟ್ಟೆ ಒಗೆದು ಮಕ್ಕಳನ್ನು ಸಾಕಿದ ತಾಯಿಯೊಬ್ಬಳ ಮಗನು, ತನ್ನ ಕಸುಬಿನಲ್ಲಿ ಎಣೆಯಿಲ್ಲದವನಾಗಿದ್ದೂ, ಆ ಕಸುಬಿನ ದೊಡ್ಡ ಮನೆಯೊಳಕ್ಕೆ ಹೋಗಲಾರದೆ ಇಪ್ಪತ್ತೆರಡು ವರ್ಷ ಬಾಗಿಲ ಹೊರಗೆ ದುಡಿದ ಕಥೆ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳಬೇಕು. ಬೇಸ್‌ಬಾಲಿನ ಪಿಚರ್ ಎಂದರೆ ನಮ್ಮವರಿಗೆ ಪರಿಚಿತವಾದ ಕ್ರಿಕೆಟ್ಟಿನ ಬೌಲರನ ಸ್ಥಾನದಲ್ಲಿರುವವನು. ಆದರೆ ಆತನು ಓಡಿಬಂದು ಎಸೆಯುವುದಿಲ್ಲ. ಸ್ವಲ್ಪ ಎತ್ತರಿಸಿದ ಮಣ್ಣಿನ ದಿಬ್ಬದ ಮೇಲೆ ನಿಂತೇ ಎಸೆಯುವನು. ಚೆಂಡು ನೆಲಕ್ಕೆ ಪುಟಿಯದೆ, ೬೦ ಅಡಿ ೬ ಅಂಗುಲ ದೂರವನ್ನು ಗಾಳಿಯಲ್ಲಿಯೇ ದಾಟಿ, ದಾಂಡಿಗನ ಮೊಣಕಾಲಿಗೂ ಎದೆಗೂ ನಡುವಣ ಎತ್ತರದಲ್ಲಿ, ನೆಲದ ಮೇಲಿಟ್ಟ ೧೭ ಅಂಗುಲ ಅಗಲದ ಬಿಳಿಯ ಹಲಗೆಯ ಮೇಲಾಗಿ ಹಾದುಹೋಗಬೇಕು. ಹಾಗೆ ಬಂದ ಚೆಂಡನ್ನು ಮೂರು ಸಲ ಸುಮ್ಮನೆ ಬಿಟ್ಟವನೂ, ಮೂರು ಸಲ ಬೀಸಿ ತಪ್ಪಿದವನೂ ಔಟು. ಎಸೆಗಾರನೇ ನಾಲ್ಕು ಸಲ ಗುರಿತಪ್ಪಿದರೆ ದಾಂಡಿಗನು ಶ್ರಮವಿಲ್ಲದೆ ಮೊದಲನೆಯ ನೆಲೆಗೆ ನಡೆದುಹೋಗುವನು. ಹೀಗೆ ಒಂಬತ್ತು ಸರದಿಗಳಲ್ಲಿ ಎದುರುಪಕ್ಷದವರನ್ನು ಇಪ್ಪತ್ತೇಳು ಸಲ ಔಟುಮಾಡಿದರೆ ಪಂದ್ಯವು ಮುಗಿಯಿತು. ಆರು ಎಸೆತಕ್ಕೊಮ್ಮೆ ಕೈ ಬದಲಾಯಿಸುವ ಸೌಕರ್ಯ ಈ ಆಟದಲ್ಲಿಲ್ಲ. ಆ ಕಾಲದಲ್ಲಿ ಒಬ್ಬನೇ ನೂರು ನೂರಿಪ್ಪತ್ತು ಸಲ ಎಸೆಯುವುದು ವಾಡಿಕೆ. ಆದಕಾರಣ ಒಂದು ಪಂದ್ಯವನ್ನು ಪೂರ್ತಿಯಾಗಿ ಎಸೆದವನ ತೋಳಿಗೆ ಮೂರು ನಾಲ್ಕು ದಿನ ವಿಶ್ರಾಂತಿ ಕೊಡುವುದುಂಟು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಮೆರಿಕಾದ ದಕ್ಷಿಣದಲ್ಲಿ ಅಲಬಾಮಾ ಎಂಬ ಸಂಸ್ಥಾನವುಂಟು. ಅಲ್ಲಿಯ ಮೊಬೀಲ್ ಎಂಬ ರೇವುಪಟ್ಟಣದಲ್ಲಿ ೧೯೦೬ನೆಯ ಇಸವಿ ಜುಲೈ ೭ರಂದು ಲೀರಾಯ್ ರಾಬರ್ಟ್ ಪೇಜನು ಹುಟ್ಟಿದನು. ತನ್ನ ಜನನದ ತಾರೀಖನ್ನು ಬರೆದಿಟ್ಟಿದ್ದ ಬೈಬಲ್ಲನ್ನು ಮನೆಯ ಮೇಕೆ ತಿಂದುಹಾಕಿತೆಂದು ಆತನು ದೊಡ್ಡವನಾದ ಮೇಲೆ ಪತ್ರಿಕೆಗಳವರನ್ನು ನಗಿಸುತ್ತಿದ್ದನು. ವಯಸ್ಸು ಗುಟ್ಟಾಗಿದ್ದಷ್ಟೂ ಟಿಕೀಟುಗಳು ಹೆಚ್ಚಾಗಿ ಮಾರುವುವೆಂಬುದನ್ನು ಆತನು ಬಲ್ಲವನಾಗಿದ್ದನು. ದಾಖಲೆಯಲ್ಲಿರುವುದು ನಾವು ಹೇಳಿದ ತಾರೀಖೇ. ತಂದೆ ತೋಟದ ಕೆಲಸದವನು. ತಾಯಿ ಲೂಲಾ ಊರಿನವರ ಬಟ್ಟೆ ಒಗೆಯುವವಳು. ಹನ್ನೆರಡು ಮಕ್ಕಳ ಸಂಸಾರದಲ್ಲಿ ಈತನು ಏಳನೆಯವನು. ಅಂಥ ಮನೆಯಲ್ಲಿ ಏಳೆಂಟು ವರ್ಷದ ಹುಡುಗನೂ ಸಂಪಾದನೆಗೆ ನಿಲ್ಲಬೇಕಷ್ಟೆ. ಬಾಲಕನು ರೈಲ್ವೆ ಸ್ಟೇಷನ್ನಿಗೆ ಹೋಗಿ ಪ್ರಯಾಣಿಕರ ಚೀಲಗಳನ್ನು ಹೊರುತ್ತಿದ್ದನು. ಒಂದು ಚೀಲಕ್ಕೆ ಹತ್ತು ಸೆಂಟು ಕೂಲಿ. ಒಂದೊಂದಾಗಿ ಹೊತ್ತರೆ ಹೊಟ್ಟೆ ತುಂಬದೆಂದು ಕೋಲಿಗೆ ಹಗ್ಗ ಕಟ್ಟಿ ಮೂರು ನಾಲ್ಕು ಚೀಲಗಳನ್ನು ಒಟ್ಟಿಗೆ ತೂಗುಹಾಕಿಕೊಂಡು ನಡೆಯುತ್ತಿದ್ದನೆಂದೂ, ಅದನ್ನು ಕಂಡ ಜೊತೆಗಾರರು ಕೈಚೀಲವೆಂಬ ಅರ್ಥದ ‘ಸ್ಯಾಚಲ್’ ಎಂಬ ಅಡ್ಡಹೆಸರಿಟ್ಟರೆಂದೂ ಆತನು ಹೇಳಿಕೊಂಡಿರುವನು. ಚೀಲವನ್ನು ಹೊತ್ತದ್ದಕ್ಕಲ್ಲ, ಕದ್ದು ಓಡುವಾಗ ಸಿಕ್ಕಿಬಿದ್ದದ್ದಕ್ಕೆ ಈ ಹೆಸರು ಬಂದಿತೆಂದು ಬಾಲ್ಯದ ಗೆಳೆಯನೊಬ್ಬನ ಸಾಕ್ಷ್ಯವೂ ಉಂಟು. ಎರಡನ್ನೂ ನಂಬುವುದಕ್ಕೆ ನಮಗೆ ಅಡ್ಡಿಯಿಲ್ಲ.

ಏಕೆಂದರೆ ೧೯೧೮ರಲ್ಲಿ, ಇನ್ನೂ ಹನ್ನೆರಡು ವರ್ಷದವನಾಗಿದ್ದಾಗ, ಸ್ಕೂಲಿಗೆ ಚಕ್ಕರು ಹೊಡೆದದ್ದಕ್ಕಾಗಿಯೂ ಅಂಗಡಿಯಲ್ಲಿ ಆಟದ ಉಂಗುರಗಳನ್ನು ಕದ್ದದ್ದಕ್ಕಾಗಿಯೂ ಆತನನ್ನು ಮೌಂಟ್ ಮೇಗ್ಸ್ ಎಂಬಲ್ಲಿಯ ಕಪ್ಪು ಮಕ್ಕಳ ಸುಧಾರಣಾಶಾಲೆಗೆ ಕಳುಹಿಸಿದರು. ಕೆಲವು ಕಾಸಿನ ಉಂಗುರಗಳಿಗೆ ಐದೂವರೆ ವರ್ಷದ ಸೆರೆ! ಬಿಳಿಯ ಮನೆತನದ ಹುಡುಗನಾಗಿದ್ದರೆ ಕಿವಿ ಹಿಂಡಿ ಮನೆಗೆ ಕಳುಹಿಸುತ್ತಿದ್ದರೋ ಏನೋ. ಆದರೆ ಆ ಸೆರೆಯಲ್ಲಿ ಅನಿರೀಕ್ಷಿತವಾದ ಒಂದು ಲಾಭವಾಯಿತು. ಅಲ್ಲಿಯ ಉಪಾಧ್ಯಾಯರು ನೀಳವಾದ ಕೈಕಾಲುಗಳ ಈ ಹುಡುಗನಿಗೆ ಚೆಂಡೆಸೆಯುವ ವಿದ್ಯೆಯನ್ನು ಹೇಳಿಕೊಟ್ಟರು. ಎಡಗಾಲನ್ನು ತಲೆಯ ಎತ್ತರಕ್ಕೆ ಚಾಚಿ, ದಾಂಡಿಗನ ಕಣ್ಣಿಗೆ ಪಾದವೊಂದೇ ಕಾಣುವಂತೆ ಮಾಡಿ, ಅದರ ಮರೆಯಿಂದ ಕೈ ಬೀಸುವ ಭಂಗಿಯು ಅಲ್ಲಿ ರೂಢಿಯಾದದ್ದು. ಐದು ವರ್ಷದ ಸ್ವಾತಂತ್ರ್ಯವನ್ನು ಕೊಟ್ಟು ಈ ವಿದ್ಯೆಯನ್ನು ಕೊಂಡುಕೊಂಡೆನೆಂದು ಪೇಜನು ಮುಂದೆ ಲೆಕ್ಕ ಹೇಳುತ್ತಿದ್ದನು. ೧೯೨೩ರ ಡಿಸೆಂಬರಿನಲ್ಲಿ ಬಿಡುಗಡೆಯಾಗಿ ಬಂದವನು ಊರಿನ ತಂಡದಲ್ಲಿ ಆಡಿ, ೧೯೨೬ರಲ್ಲಿ ಚಟನೂಗ ಎಂಬ ಊರಿನ ತಂಡಕ್ಕೆ ಸಂಬಳದ ಮೇಲೆ ಸೇರಿದನು. ತಿಂಗಳಿಗೆ ೫೦ ಡಾಲರು. ಅದರಲ್ಲಿ ಬಹುಭಾಗ ತಾಯಿಗೆ ಸಲ್ಲಬೇಕೆಂಬ ಕರಾರು. ತಾಯಿಯು ಹಾಗೆ ಮಾತು ತೆಗೆದುಕೊಂಡೇ ಮಗನನ್ನು ಮನೆಯಿಂದ ಹೊರಡಲು ಬಿಟ್ಟಳಂತೆ.

ಇಲ್ಲಿ ನಾವು ಆ ದೇಶದ ಆಟದ ವ್ಯವಸ್ಥೆಯನ್ನು ತಿಳಿಸಬೇಕಾಗಿದೆ. ಬೇಸ್‌ಬಾಲಿನ ಶ್ರೇಷ್ಠ ತಂಡಗಳು ‘ಮೇಜರ್ ಲೀಗ್’ ಎಂಬ ಎರಡು ಕೂಟಗಳಲ್ಲಿದ್ದುವು. ಈ ಕೂಟಗಳಲ್ಲಿ ಕಪ್ಪುವರ್ಣದವರು ಆಡಕೂಡದೆಂಬ ನಿಯಮವನ್ನು ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ. ೧೮೮೪ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರನು ಟೊಲೀಡೊ ತಂಡದಲ್ಲಿ ಆಡಿಯೂ ಇದ್ದನು. ಅನಂತರ ತಂಡದ ಒಡೆಯರೆಲ್ಲರೂ ಒಳಗೊಳಗೇ ಒಂದಾಗಿ, ಬಾಯಿಮಾತಿಲ್ಲದೆಯೇ ಬಾಗಿಲು ಹಾಕಿಬಿಟ್ಟರು. ಬರೆಯದ ನಿಯಮವನ್ನು ತಿದ್ದುವುದು ಬರೆದ ನಿಯಮವನ್ನು ತಿದ್ದುವುದಕ್ಕಿಂತ ಕಷ್ಟ. ಏಕೆಂದರೆ ಕೇಳಿದಾಗಲೆಲ್ಲ ಅಂಥದೊಂದು ಇಲ್ಲವೇ ಇಲ್ಲವೆಂದು ಉತ್ತರ ಬರುವುದು. ೧೯೪೨ರಲ್ಲಿ ಬೇಸ್‌ಬಾಲಿನ ಮುಖ್ಯಾಧಿಕಾರಿಯಾಗಿದ್ದ ಜಡ್ಜ್ ಲ್ಯಾಂಡಿಸನು ಇದೇ ಉತ್ತರವನ್ನು ಕೊಟ್ಟನು. ಆತನ ಅಧಿಕಾರದ ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಬ್ಬ ಕಪ್ಪು ಆಟಗಾರನೂ ಒಳಗೆ ಬರಲಿಲ್ಲ. ಹೊರಗುಳಿದವರು ೧೯೨೦ರಿಂದ ತಮ್ಮದೇ ಕೂಟಗಳನ್ನು ಕಟ್ಟಿಕೊಂಡರು. ಆ ಕಾಲದ ಮಾತಿನಲ್ಲಿ ಅವುಗಳಿಗೆ ‘ನೀಗ್ರೋ ಲೀಗು’ಗಳೆಂದು ಹೆಸರು.

ಅಮೆರಿಕದವರ ಕಡೆಗೆ ಬೆರಳು ತೋರಿಸುವ ಮುಂಚೆ ನಾವು ನೆನೆಯಬೇಕಾದ ಹೆಸರೊಂದುಂಟು. ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ ಬಾಳೂ ತನ್ನ ಕಾಲದ ಭಾರತದಲ್ಲಿ ಎಡಗೈ ಸ್ಪಿನ್ ಬೌಲಿಂಗಿಗೆ ಅಗ್ರಗಣ್ಯನಾಗಿದ್ದನು. ೧೯೧೧ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ನೂರಕ್ಕೂ ಮೇಲ್ಪಟ್ಟು ವಿಕೆಟ್ಟುಗಳನ್ನು ತೆಗೆದನು. ಪುಣೆಯಲ್ಲಿ ಅದೇ ಬಾಳೂವಿಗೆ, ಆತನ ಜಾತಿಯ ಕಾರಣದಿಂದ, ಸ್ವಂತ ತಂಡದವರೇ ಹೊರಗೆ ಬೇರೆ ಮಣ್ಣಿನ ಬಟ್ಟಲಿನಲ್ಲಿ ಚಹ ಕೊಡುತ್ತಿದ್ದರು. ಹಿಂದೂ ತಂಡದ ನಾಯಕತ್ವವು ಆತನಿಗೆ ಕಡೆಗೂ ದೊರೆಯದೆ, ೧೯೨೩ರಲ್ಲಿ ತಮ್ಮನಾದ ವಿಠ್ಠಲನಿಗೆ ದೊರೆಯಿತು. ಇರಲಿ, ಪೇಜನ ಕಥೆಗೆ ಬರೋಣ.

ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್, ಕಾನ್ಸಾಸ್ ಸಿಟಿ ಎಂದು ಊರಿಂದೂರಿಗೆ ಪೇಜನ ತಂಡಗಳು ಬದಲಾಗುತ್ತ ಹೋದುವು. ಪಿಟ್ಸ್‌ಬರ್ಗಿನ ‘ಕ್ರಾಫರ್ಡ್ಸ್’ ತಂಡದಲ್ಲಿ ಆತನ ಎಸೆತವನ್ನು ಹಿಡಿಯುವುದಕ್ಕೆ ಜಾಷ್ ಗಿಬ್ಸನ್ ಎಂಬ ಮಹಾಬಲಿಷ್ಠನಿದ್ದನು. ದಾಂಡು ಹಿಡಿದರೆ ಚೆಂಡನ್ನು ಮೈದಾನದ ಆಚೆಗೆ ಅಟ್ಟುವುದರಲ್ಲಿ ಅವನಿಗೆ ಸಮನಿಲ್ಲ. ಆದರೆ ಈ ಕೂಟಗಳ ಆದಾಯವು ಸ್ವಲ್ಪ. ಲೀಗಿನ ಪಂದ್ಯಗಳಿಂದ ಆಟಗಾರರ ಹೊಟ್ಟೆ ತುಂಬುತ್ತಿರಲಿಲ್ಲವಾಗಿ, ತಂಡಗಳು ಬಸ್ಸು ಹತ್ತಿ ಹಳ್ಳಿಪಟ್ಟಣಗಳನ್ನು ಸುತ್ತಿ, ಸಿಕ್ಕಿದವರೊಡನೆ ಆಡಿ, ಗಲ್ಲಾಪೆಟ್ಟಿಗೆಯ ಪಾಲು ಪಡೆದು, ರಾತ್ರಿಯೇ ಮುಂದಿನ ಊರಿಗೆ ಹೊರಡಬೇಕಾಗಿದ್ದಿತು. ಆಡಿದ ಊರಿನಲ್ಲಿಯೇ ಊಟಕ್ಕೆ ಹೋಟೆಲಿಲ್ಲ, ಮಲಗುವುದಕ್ಕೆ ಕೊಠಡಿಯಿಲ್ಲ. ಚಪ್ಪಾಳೆ ತಟ್ಟಿದ ಕೈಗಳೇ ಬಾಗಿಲು ಹಾಕುತ್ತಿದ್ದುವು. ಉತ್ತರ ಡಕೋಟಾದ ಬಿಸ್ಮಾರ್ಕ್ ಎಂಬ ಊರಿನಲ್ಲಿ ಬಿಳಿಯರೂ ಕಪ್ಪು ಜನರೂ ಕೂಡಿದ ತಂಡವೊಂದಿದ್ದಿತು. ಪೇಜನು ಅಲ್ಲಿಗೆ ಹೋದಾಗ ಬಾಡಿಗೆಗೆ ಮನೆ ಸಿಕ್ಕದೆ, ರೈಲ್ವೆಯ ಹಳೆಯ ಸಾಮಾನುಗಾಡಿಯೊಂದರಲ್ಲಿ ಹೆಂಡತಿಯೊಡನೆ ಸಂಸಾರ ಹೂಡಿದನೆಂದು ಆತನೇ ಹೇಳಿರುವನು. ಅದೇ ತಂಡವು ೧೯೩೫ರಲ್ಲಿ ವಿಚಿಟಾ ನಗರದಲ್ಲಿ ನಡೆದ ರಾಷ್ಟ್ರೀಯ ಪಂದ್ಯಾವಳಿಯನ್ನು ಗೆದ್ದಿತು. ಪೇಜನು ನಾಲ್ಕು ಪಂದ್ಯಗಳನ್ನು ಗೆದ್ದುಕೊಟ್ಟು ಅರವತ್ತು ಜನರನ್ನು ಮೂರು ಎಸೆತದ ಲೆಕ್ಕದಲ್ಲಿ ಔಟುಮಾಡಿದನು.

ಆತನು ವಾರಕ್ಕೆ ಎರಡು ಮೂರು ಸಲ, ಕೆಲವು ವೇಳೆ ದಿನದಿನವೂ, ದಿಬ್ಬದ ಮೇಲೆ ನಿಲ್ಲುತ್ತಿದ್ದನು. ತೋಳಿಗೆ ಮೂರು ನಾಲ್ಕು ದಿನದ ವಿಶ್ರಾಂತಿ ಬೇಕೆಂದೆವಲ್ಲ, ಅದು ಸಂಬಳ ಸರಿಯಾಗಿ ಬರುವವರ ಮಾತು. ‘ಇಂದು ಸ್ಯಾಚಲ್ ಪೇಜ್ ಎಸೆಯುವನು’ ಎಂದು ಗೋಡೆಯ ಮೇಲೆ ಅಂಟಿಸಿದರೆ ಮಾತ್ರ ಜನ ಬರುತ್ತಿದ್ದರು; ಜನ ಬಂದರೆ ಮಾತ್ರ ತಂಡದ ಉಳಿದವರಿಗೂ ಕೂಲಿ. ಆದ್ದರಿಂದ ಮೊದಲ ಎರಡು ಮೂರು ಸರದಿಗಳಲ್ಲಿಯಾದರೂ ಆತನು ಕಾಣಿಸಿಕೊಳ್ಳಬೇಕಾಗಿದ್ದಿತು. ವಿನೋದಗಳನ್ನು ಬೆರೆಸಿದ್ದೂ ಈ ಕಾರಣದಿಂದಲೇ. ಹಲಗೆಯ ಬದಲಾಗಿ ಮಿಠಾಯಿಯ ಕಾಗದವನ್ನು ನೆಲದ ಮೇಲಿಟ್ಟು ಅದರ ಮೇಲೆಯೇ ಚೆಂಡು ಹಾಯಿಸುವುದು, ಎಸೆಯುವ ಕೈಯನ್ನು ಅರೆಕ್ಷಣ ತಡೆದು ದಾಂಡಿಗನನ್ನು ಮುಗ್ಗರಿಸುವುದು, ಒಂದೊಂದು ಎಸೆತಕ್ಕೂ ಒಂದೊಂದು ಹೆಸರಿಡುವುದು. ಹಿಂದೆ ನಿಂತ ಆಟಗಾರರನ್ನು ಕರೆದು ನೆಲದ ಮೇಲೆ ಕುಳ್ಳಿರಿಸಿ, ಅವರ ಸಹಾಯವಿಲ್ಲದೆ ಮೂವರನ್ನು ಔಟುಮಾಡುತ್ತಿದ್ದನೆಂಬ ಕಥೆಯೂ ಪ್ರಸಿದ್ಧವಾಗಿದೆ. ಇವನ್ನೆಲ್ಲ ಕೇಳಿದವರು ಪೇಜನನ್ನು ವಿದೂಷಕನೆಂದು ತಿಳಿದರು. ನಮಗೆ ಹಾಗೆ ತೋರುವುದಿಲ್ಲ. ನಗಿಸದೆ ಹೋದರೆ ಊಟವಿಲ್ಲದವನ ನಗೆಯನ್ನು ಅಳೆಯುವ ಮಾನವೇ ಬೇರೆ. ಮೇಲಾಗಿ ಅಂಗೈಯಗಲದ ಕಾಗದದ ಮೇಲೆ ಚೆಂಡು ಹಾಯಿಸುವವನಿಗೆ ಹದಿನೇಳಂಗುಲದ ಹಲಗೆ ರಾಜಬೀದಿಯಲ್ಲವೆ?

ಆತನು ಒಟ್ಟು ಎಷ್ಟು ಪಂದ್ಯಗಳನ್ನು ಗೆದ್ದನೆಂಬುದಕ್ಕೆ ಪೂರ್ಣ ಲೆಕ್ಕವಿಲ್ಲ. ಎರಡು ಸಾವಿರವೆಂದು ಪೇಜನೇ ಹೇಳುತ್ತಿದ್ದನು. ಬಲ್ಲವರು ಅದರಲ್ಲಿ ಸ್ವಲ್ಪ ಬಣ್ಣ ಸೇರಿದೆಯೆನ್ನುವರು. ೨೦೨೦ರಲ್ಲಿ ನೀಗ್ರೋ ಲೀಗುಗಳನ್ನೂ ಮೇಜರ್ ಲೀಗುಗಳೆಂದೇ ಒಪ್ಪಿಕೊಂಡು, ೨೦೨೪ರಲ್ಲಿ ಆ ಪಂದ್ಯಗಳ ಅಂಕಿಗಳನ್ನು ರಾಷ್ಟ್ರದ ದಾಖಲೆಗೆ ಸೇರಿಸಿದರು. ಆದರೆ ಸೇರಿಸುವುದಕ್ಕೆ ಸಿಕ್ಕಿದ್ದು ಪತ್ರಿಕೆಗಳಲ್ಲಿ ಅಂಕಪಟ್ಟಿ ಅಚ್ಚಾದ ಲೀಗಿನ ಪಂದ್ಯಗಳು ಮಾತ್ರ. ಹಳ್ಳಿಯ ಹುಲ್ಲುಗಾವಲುಗಳಲ್ಲಿ ಆತನು ಕಳೆದ ಸಾಯಂಕಾಲಗಳು ಆ ಲೆಕ್ಕಕ್ಕೆ ಸೇರಲಿಲ್ಲ.

೧೯೩೭ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿಯಾದ ಟ್ರುಹಿಯೋ ಎಂಬಾತನ ಹೆಸರನ್ನು ಹೊತ್ತ ತಂಡಕ್ಕಾಗಿ ಪೇಜನೂ ಗಿಬ್ಸನ್ನನೂ ಸಮುದ್ರ ದಾಟಿ ಹೋಗಿ ಆಡಿದರು. ಸುತ್ತಲೂ ಬಂದೂಕು ಹಿಡಿದ ಸಿಪಾಯಿಗಳು ನಿಂತಿರುವಾಗ ಪಂದ್ಯ ಗೆಲ್ಲದೆ ವಿಧಿಯಿರಲಿಲ್ಲವೆಂದು ಪೇಜನು ಹೇಳುತ್ತಿದ್ದನು. ಗೆದ್ದು ಬಂದರು. ಮರುವರ್ಷ ಮೆಕ್ಸಿಕೋದಲ್ಲಿ ಆಡುತ್ತಿದ್ದಾಗ ಸಂಕಟವು ಬಂದೊದಗಿತು. ಹತ್ತು ಹನ್ನೆರಡು ವರ್ಷ ಬಿಡುವಿಲ್ಲದೆ ದುಡಿದ ತೋಳು ಒಂದು ದಿನ ಮೇಲೇಳಲಿಲ್ಲ. ಇನ್ನು ಚೆಂಡೆಸೆಯುವ ಆಸೆಯನ್ನು ಬಿಡಬೇಕೆಂದು ವೈದ್ಯರು ಹೇಳಿದರು. ಪೇಜನಿಗೆ ಆಗ ಮೂವತ್ತೆರಡು ವರ್ಷ. ಬೇರೆ ಕಸುಬು ತಿಳಿಯದು. ಕೈಯಲ್ಲಿ ಹಣವಿಲ್ಲ, ಏಕೆಂದರೆ ಉಡುಪಿಗೂ ಮೋಟಾರುಗಳಿಗೂ ಸುರಿಯುವುದರಲ್ಲಿ ಆತನ ಕೈ ಎಸೆತದಷ್ಟೇ ಚುರುಕು. ಹಿಂದೆ ಕರಾರುಗಳನ್ನು ಮುರಿದು ಹೆಚ್ಚು ಹಣ ಕೊಟ್ಟ ಕಡೆಗೆ ಓಡಿಹೋಗಿದ್ದವನನ್ನು ಕಷ್ಟಕಾಲದಲ್ಲಿ ಕರೆಯುವವರಾರು? ಕಾನ್ಸಾಸ್ ಸಿಟಿಯ ‘ಮೊನಾರ್ಕ್ಸ್’ ತಂಡದ ಒಡೆಯ ವಿಲ್ಕಿನ್‌ಸನ್ ಎಂಬ ಬಿಳಿಯನು ಕರೆದನು. ತನ್ನ ಎರಡನೆಯ ದರ್ಜೆಯ ತಂಡದೊಡನೆ ಊರೂರು ತಿರುಗು, ಹೆಸರಿಗಾಗಿಯಾದರೂ ಜನ ಬಂದಾರು ಎಂದನು. ಪೇಜನು ಮೆಲ್ಲಗೆ ಎಸೆದನು, ಕೆಳಗಿನಿಂದ ಎಸೆದನು. ಕೆಲವು ದಿನ ಬರಿಯ ಮುಖ ತೋರಿಸಿ ಬಂದನು. ಬಿಸಿನೀರು ತಣ್ಣೀರುಗಳ ಉಪಚಾರ ನಡೆದೇ ಇದ್ದಿತು. ೧೯೩೯ರಲ್ಲಿ ಒಂದು ದಿನ ತೋಳಿನ ನೋವು ಹೇಗೆ ಬಂದಿದ್ದಿತೋ ಹಾಗೆಯೇ ಹೋಯಿತು. ಮೆಲ್ಲಗೆ ಎಸೆಯಬೇಕಾಗಿದ್ದ ಆ ತಿಂಗಳುಗಳಲ್ಲಿ ಆತನು ದಾಂಡಿಗರ ಮೊಣಕಾಲು, ಪಾದ, ಹೆಜ್ಜೆಗಳನ್ನು ನೋಡಿ ಅವರ ದೌರ್ಬಲ್ಯವನ್ನು ತಿಳಿಯುವುದನ್ನು ಅಭ್ಯಾಸ ಮಾಡಿದ್ದನು. ವೇಗವೊಂದೇ ಇದ್ದವನಿಗೆ ಈಗ ವಿವೇಕವೂ ಕೂಡಿತು.

೧೯೪೨ರ ನೀಗ್ರೋ ವಿಶ್ವಪಂದ್ಯದಲ್ಲಿ ಹಳೆಯ ಗೆಳೆಯ ಗಿಬ್ಸನ್ನನು ಎದುರುಪಕ್ಷದಲ್ಲಿದ್ದನು. ಮೂರು ನೆಲೆಗಳಲ್ಲಿಯೂ ಓಟಗಾರರು ತುಂಬಿ ನಿಂತಿರುವಾಗ ಗಿಬ್ಸನ್ನನ ಸರದಿ ಬಂದಿತು. ಪೇಜನು ಮೂರೇ ಎಸೆತಗಳಲ್ಲಿ ಅವನನ್ನು ಔಟುಮಾಡಿದನು. ಗಿಬ್ಸನ್ನನನ್ನು ಎದುರಿಸಬೇಕೆಂಬ ಹಟದಿಂದಲೇ ಪೇಜನು ಮುಂದಿನ ದಾಂಡಿಗರನ್ನು ಬೇಕೆಂದು ನೆಲೆಗಳಿಗೆ ನಡೆಯಬಿಟ್ಟನೆಂದು ಜೊತೆಗಾರ ಬಕ್ ಓನೀಲನು ಹೇಳುತ್ತಿದ್ದನು; ಸಂಶೋಧಕರು ಅಷ್ಟನ್ನು ಒಪ್ಪುವುದಿಲ್ಲ. ಮೊನಾರ್ಕ್ಸ್ ತಂಡವು ಆ ವರ್ಷದ ಪ್ರಶಸ್ತಿಯನ್ನು ಪಡೆಯಿತು.

ಬಿಳಿಯ ಆಟಗಾರರಿಗೆ ಪೇಜನ ಯೋಗ್ಯತೆ ತಿಳಿಯದೆ ಇರಲಿಲ್ಲ. ಲೀಗಿನ ಋತು ಮುಗಿದ ಮೇಲೆ ಚಳಿಗಾಲದಲ್ಲಿ ಡಿಜಿ ಡೀನ್, ಬಾಬ್ ಫೆಲರ್ ಮೊದಲಾದ ದೊಡ್ಡ ಎಸೆಗಾರರು ತಂಡಗಳನ್ನು ಕಟ್ಟಿಕೊಂಡು ಆತನೊಡನೆ ಪ್ರದರ್ಶನದ ಪಂದ್ಯಗಳನ್ನು ಆಡುತ್ತಿದ್ದರು. ತಾವು ಎದುರಿಸಿದವರಲ್ಲಿ ಈತನೇ ಶ್ರೇಷ್ಠನೆಂದು ಜೋ ಡಿಮ್ಯಾಜಿಯೋವಿನಂಥ ದಾಂಡಿಗನೇ ಹೇಳಿದ್ದನು. ಅಕ್ಟೋಬರಿನಲ್ಲಿ ಸಮಾನನಾದವನು ಏಪ್ರಿಲಿನಲ್ಲಿ ಹೇಗೆ ಅಸಮಾನನಾಗುತ್ತಿದ್ದನೋ!

ಕಡೆಗೆ ೧೯೪೫ರ ಅಕ್ಟೋಬರಿನಲ್ಲಿ ಬ್ರೂಕ್ಲಿನ್ ತಂಡದ ಬ್ರಾಂಚ್ ರಿಕಿ ಎಂಬಾತನು ಕಪ್ಪು ಆಟಗಾರನೊಬ್ಬನನ್ನು ತೆಗೆದುಕೊಂಡಿರುವನೆಂಬ ಸುದ್ದಿ ಹೊರಟಿತು. ಆತನು ಪೇಜನಲ್ಲ. ಅದೇ ವರ್ಷ ಮೊನಾರ್ಕ್ಸ್ ತಂಡಕ್ಕೆ ಹೊಸದಾಗಿ ಸೇರಿದ್ದ, ಇಪ್ಪತ್ತಾರು ವರ್ಷದ, ಕಾಲೇಜಿನಲ್ಲಿ ಓದಿ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಜಾಕಿ ರಾಬಿನ್‌ಸನ್. ರಿಕಿಯ ಆಯ್ಕೆ ತಪ್ಪೆಂದು ನಾವು ಹೇಳಲಾರೆವು. ನಿಂದೆಯನ್ನು ನುಂಗಿಕೊಂಡು ವರ್ಷಗಟ್ಟಲೆ ಆಡಬಲ್ಲ ತರುಣನೇ ಬೇಕಾಗಿದ್ದನು. ಪೇಜನು ಬಹಿರಂಗವಾಗಿ ರಾಬಿನ್‌ಸನ್ನನನ್ನು ಹೊಗಳಿದನು. ಆದರೆ ಬಾಗಿಲು ತೆರೆದಾಗ ಮೊದಲು ಒಳಗೆ ಕಾಲಿಡುವವನು ತಾನೇ ಎಂದು ನಂಬಿಕೊಂಡಿದ್ದವನಿಗೆ ಈ ಸುದ್ದಿಯು ಒಳಗೆ ಎಷ್ಟು ಇರಿಯಿತೆಂಬುದನ್ನು ೧೯೬೨ರಲ್ಲಿ ಅಚ್ಚಾದ ತನ್ನ ಆತ್ಮಕಥೆಯಲ್ಲಿ ಮರೆಮಾಚದೆ ಬರೆಸಿರುವನು. ಗಿಬ್ಸನ್ನನ ಪಾಡು ಇನ್ನೂ ಕಷ್ಟ. ಆತನು ೧೯೪೭ರ ಜನವರಿಯಲ್ಲಿ ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ರಾಬಿನ್‌ಸನ್ನನು ಬ್ರೂಕ್ಲಿನ್ನಿನಲ್ಲಿ ಮೊದಲ ಪಂದ್ಯ ಆಡಿದುದು ಅದೇ ವರ್ಷ ಏಪ್ರಿಲ್ ೧೫ರಂದು.

ಮರುವರ್ಷ ಕ್ಲೀವ್‌ಲೆಂಡ್ ತಂಡದ ಒಡೆಯನಾದ ಬಿಲ್ ವೀಕ್ ಎಂಬಾತನು ಪೇಜನಿಗೆ ಹೇಳಿಕಳುಹಿಸಿದನು. ಪರೀಕ್ಷೆ ನಡೆಯಿತು, ತಂಡದ ನಾಯಕನಾದ ಲೂ ಬೂದ್ರೋ ತಾನೇ ದಾಂಡು ಹಿಡಿದು ನಿಂತನು. ಬೂದ್ರೋ ಆ ವರ್ಷ ದೇಶದ ಉತ್ತಮ ದಾಂಡಿಗರಲ್ಲೊಬ್ಬನು. ಆದರೂ ಪೇಜನ ಎಸೆತಕ್ಕೆ ಸರಿಯಾದ ಪೆಟ್ಟೊಂದು ಆತನ ದಾಂಡಿನಿಂದ ಹೊರಡಲಿಲ್ಲ. ೧೯೪೮ರ ಜುಲೈ ೭ರಂದು, ತನ್ನ ನಲವತ್ತೆರಡನೆಯ ಹುಟ್ಟುಹಬ್ಬದ ದಿನ, ಪೇಜನು ಕರಾರಿಗೆ ರುಜುಹಾಕಿದನು. ಒಂದು ಪ್ರಸಿದ್ಧ ಕ್ರೀಡಾಪತ್ರಿಕೆಯ ಸಂಪಾದಕನು, ಈ ವಯಸ್ಸಿನವನನ್ನು ತರುವುದು ಮೇಜರ್ ಲೀಗಿನ ಗೌರವಕ್ಕೆ ಕುಂದೆಂದೂ, ಟಿಕೀಟು ಮಾರುವ ಉಪಾಯವೆಂದೂ ಬರೆದನು. ಬಾಗಿಲು ಹಾಕಿ ಮುದುಕನಾಗುವವರೆಗೆ ನಿಲ್ಲಿಸಿ, ಆಮೇಲೆ ಮುದುಕನೆಂದು ಹಳಿಯುವ ನ್ಯಾಯವನ್ನು ನಾವು ಬೇರೆ ಕಡೆಗಳಲ್ಲಿಯೂ ಕಂಡಿದ್ದೇವೆ.

ಜುಲೈ ೯ರಂದು ಪೇಜನು ಮೊದಲ ಸಲ ಆ ದಿಬ್ಬವನ್ನು ಏರಿದನು. ಕೈಯನ್ನು ಅರೆಕ್ಷಣ ತಡೆಯುವ ಎಸೆತವನ್ನು ಕೂಟದ ಅಧ್ಯಕ್ಷನು ಬೇಗನೆ ನಿಷೇಧಿಸಿದನು. ಅದಿಲ್ಲದೆಯೂ ಆಟ ನಡೆಯಿತು. ಆಗಸ್ಟ್ ೧೩ರಂದು ಷಿಕಾಗೋ ನಗರದಲ್ಲಿ ಅಲ್ಲಿಯ ತಂಡಕ್ಕೆ ಒಂದು ಓಟವನ್ನೂ ಕೊಡದೆ ಐದು ಓಟಗಳಿಂದ ಗೆದ್ದನು. ಒಂದು ವಾರದ ನಂತರ, ಆಗಸ್ಟ್ ೨೦ರ ರಾತ್ರಿ, ಅದೇ ತಂಡವು ಕ್ಲೀವ್‌ಲೆಂಡಿಗೆ ಬಂದಾಗ, ನೋಡಲು ಸೇರಿದ್ದವರು ೭೮,೩೮೨ ಜನ. ಮೈಸೂರಿನ ದಸರೆಯ ಸವಾರಿಯನ್ನು ಕಂಡವರಿಗೆ ಆ ಸಂದಣಿಯ ಅಂದಾಜು ಆದೀತು. ಕ್ಲೀವ್‌ಲೆಂಡಿಗೆ ಆ ರಾತ್ರಿ ಬಂದುದು ಒಂದೇ ಓಟ. ಆ ಒಂದನ್ನು ಪೇಜನು ಒಂಬತ್ತು ಸರದಿಗಳ ಪರ್ಯಂತ ಕಾದುಕೊಂಡನು. ಎದುರುಪಕ್ಷದವರಿಗೆ ದೊರೆತದ್ದು ಮೂರು ಪೆಟ್ಟು, ಸೊನ್ನೆ ಓಟ.

ಆ ಋತುವಿನಲ್ಲಿ ಆತನು ಗೆದ್ದುಕೊಟ್ಟ ಪಂದ್ಯಗಳು ಆರು, ಸೋತದ್ದು ಒಂದು. ಇದರ ಬೆಲೆ ತಿಳಿಯಬೇಕಾದರೆ ಇನ್ನೊಂದು ಸಂಗತಿಯನ್ನು ಹೇಳಬೇಕು. ೧೫೪ ಪಂದ್ಯಗಳು ಮುಗಿದಾಗ ಕ್ಲೀವ್‌ಲೆಂಡೂ ಬಾಸ್ಟನ್ನೂ ಸಮಸಮವಾಗಿ ನಿಂತಿದ್ದುವು. ಒಂದು ಹೆಚ್ಚಿನ ಪಂದ್ಯವನ್ನಾಡಿಸಿ ಗೆದ್ದವರನ್ನು ನಿರ್ಣಯಿಸಬೇಕಾಯಿತು. ಆ ಮುದುಕನ ಆರು ಗೆಲುವುಗಳಲ್ಲಿ ಒಂದು ಕಡಿಮೆಯಾಗಿದ್ದರೂ ಆ ಹೆಚ್ಚಿನ ಪಂದ್ಯವೇ ಇರುತ್ತಿರಲಿಲ್ಲ. ಕ್ಲೀವ್‌ಲೆಂಡ್ ಆ ವರ್ಷ ಜಗತ್ಪಂದ್ಯವನ್ನೂ ಗೆದ್ದಿತು. ಜಗತ್ಪಂದ್ಯದಲ್ಲಿ ಚೆಂಡೆಸೆದ ಮೊದಲ ಕಪ್ಪು ಎಸೆಗಾರನೆಂಬ ಹೆಸರು ಪೇಜನಿಗೆ ಬಂದಿತು. ಎಸೆಯಲು ಕೊಟ್ಟದ್ದು ಇಬ್ಬರು ದಾಂಡಿಗರಿಗೆ ಮಾತ್ರ.

ಮುಂದೆ ಸೇಂಟ್ ಲೂಯಿಸ್ ತಂಡದಲ್ಲಿ ೧೯೫೧ರಿಂದ ಮೂರು ವರ್ಷ ಆಡಿದನು. ೧೯೫೨ರಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ, ಬಹುಕಾಲದಿಂದ ಸೋಲುತ್ತಲೇ ಬಂದಿದ್ದ ಆ ತಂಡಕ್ಕೆ ಹನ್ನೆರಡು ಪಂದ್ಯಗಳನ್ನು ಗೆದ್ದುಕೊಟ್ಟನು. ‘ತಡವಾದರೇನು, ಸಾಧಿಸಿದನಲ್ಲ!’ ಎಂದು ಇದನ್ನು ಹೊಗಳುವವರುಂಟು. ನಮಗೆ ಈ ಸಮಾಧಾನ ಸಾಲದು. ನಲವತ್ತೆರಡರಲ್ಲಿ ಹೀಗೆ ಎಸೆದವನು ಇಪ್ಪತ್ತೈದರಲ್ಲಿ ಹೇಗೆ ಎಸೆದಿರಬೇಕೆಂಬುದನ್ನು ಕ್ಲೀವ್‌ಲೆಂಡಿನ ಆ ಎಪ್ಪತ್ತೆಂಟು ಸಾವಿರ ಜನರಲ್ಲಿ ಎಷ್ಟು ಮಂದಿ ಕಂಡಿದ್ದರು?

೧೯೬೫ರ ಸೆಪ್ಟೆಂಬರ್ ೨೫ರಂದು ಕಾನ್ಸಾಸ್ ಸಿಟಿಯ ತಂಡದ ಒಡೆಯನು, ಜನರನ್ನು ಸೇರಿಸುವುದಕ್ಕಾಗಿ, ಐವತ್ತೊಂಬತ್ತು ವರ್ಷದ ಪೇಜನನ್ನು ಮತ್ತೆ ಕರೆಯಿಸಿದನು. ಮೈದಾನದ ಪಕ್ಕದಲ್ಲಿ ಆತನಿಗೊಂದು ತೂಗುಕುರ್ಚಿಯನ್ನು ಹಾಕಿ, ಒಬ್ಬ ನರ್ಸನ್ನೂ ನಿಲ್ಲಿಸಿದ್ದರು. ಇದೊಂದು ಹಾಸ್ಯವೆಂದು ತಿಳಿದು ಬಂದ ಜನಕ್ಕೆ ಕಂಡದ್ದು ಬೇರೆ. ಬಾಸ್ಟನ್ ತಂಡದವರಿಗೆ ಆತನು ಮೂರು ಸರದಿಗಳನ್ನು ಎಸೆದನು. ೨೮ ಎಸೆತ, ಒಂದೂ ಓಟವಿಲ್ಲ. ಒಳ್ಳೆಯ ಪೆಟ್ಟನ್ನು ಹೊಡೆದವನು ಕಾರ್ಲ್ ಯಾಸ್ಟ್ರೆಮ್ಸ್‌ಕಿ ಒಬ್ಬನೇ. ಪೇಜನು ಒಳಗೆ ಹೋಗಿ ಉಡುಪು ತೆಗೆಯುತ್ತಿರುವಾಗ ಮತ್ತೆ ಹೊರಗೆ ಕರೆದರು. ದೀಪಗಳನ್ನೆಲ್ಲ ಆರಿಸಿದ್ದರು, ಜನರು ಬೆಂಕಿಕಡ್ಡಿಗಳನ್ನು ಹಚ್ಚಿ ಹಿಡಿದುಕೊಂಡು ಆತನಿಗಾಗಿ ಹಳೆಯ ಹಾಡುಗಳನ್ನು ಹಾಡಿದರು. ಮೇಜರ್ ಲೀಗಿನಲ್ಲಿ ಅಷ್ಟು ವಯಸ್ಸಿನಲ್ಲಿ ಆಡಿದವರು ಬೇರೊಬ್ಬರಿಲ್ಲ.

ಹಾಡಿನಿಂದ ಸಂಸಾರ ಸಾಗುವುದಿಲ್ಲವೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಮನೆಯಲ್ಲಿ ಹೆಂಡತಿ ಲಹೋಮಾ, ಮಕ್ಕಳು. ಆಟಗಾರರ ಪೆನ್ಷನ್ನಿಗೆ ಐದು ವರ್ಷದ ಸೇವೆ ಬೇಕು. ಪೇಜನ ಸೇವೆಯಲ್ಲಿ ೧೫೮ ದಿನ ಕಡಿಮೆಯಿದ್ದಿತು. ಹೊರಗೆ ದುಡಿದ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಆ ಲೆಕ್ಕಕ್ಕೆ ಬರಲಿಲ್ಲ. ಆತನು ತಂಡದಿಂದ ತಂಡಕ್ಕೆ ಬರೆದು ಕೇಳಿಕೊಂಡನು. ೧೯೬೮ರಲ್ಲಿ ಅಟ್ಲಾಂಟಾ ತಂಡದವರು ಶಿಕ್ಷಕನೆಂಬ ಹೆಸರಿನಲ್ಲಿ ಇಟ್ಟುಕೊಂಡು ದಿನಗಳನ್ನು ಭರ್ತಿಮಾಡಿಸಿದರು. ಬೆಂಕಿಕಡ್ಡಿಯ ದೀಪಗಳಿಗಿಂತ ನಮಗೆ ಈ ಉಪಕಾರವೇ ದೊಡ್ಡದಾಗಿ ಕಾಣುವುದು.

ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಶ್ರೇಷ್ಠ ಆಟಗಾರರ ಸ್ಮಾರಕಮಂದಿರವುಂಟು. ೧೯೬೬ರಲ್ಲಿ ಅಲ್ಲಿ ಸನ್ಮಾನ ಪಡೆದ ಟೆಡ್ ವಿಲಿಯಮ್ಸ್ ಎಂಬ ಬಿಳಿಯ ದಾಂಡಿಗನು, ಪೇಜ್ ಗಿಬ್ಸನ್ನರಂಥವರಿಗೆ ಅವಕಾಶ ದೊರೆಯದೆ ಹೋದ ಕಾರಣದಿಂದಲೇ ಅವರು ಇಲ್ಲಿಲ್ಲವೆಂದೂ, ಅವರನ್ನೂ ಸೇರಿಸಬೇಕೆಂದೂ ತನ್ನ ಭಾಷಣದಲ್ಲಿ ಹೇಳಿದನು. ೧೯೭೧ರಲ್ಲಿ ಪೇಜನನ್ನು ಆರಿಸಿದರು. ಆದರೆ ನೀಗ್ರೋ ಲೀಗಿನವರಿಗೆಂದು ಬೇರೆ ಜಾಗದಲ್ಲಿ ಫಲಕವನ್ನಿಡುವುದಾಗಿ ಪ್ರಕಟಿಸಿದರು. ಸ್ಮಾರಕದಲ್ಲಿಯೂ ಬೇರೆ ಪಂಕ್ತಿ! ಪತ್ರಿಕೆಗಳವರೂ ಜನರೂ ಹಳಿದ ಮೇಲೆ ಆ ಯೋಚನೆಯನ್ನು ಬಿಟ್ಟು, ಆಗಸ್ಟ್ ೯ರಂದು ಉಳಿದವರ ಸಾಲಿನಲ್ಲಿಯೇ ಆತನನ್ನು ಸೇರಿಸಿಕೊಂಡರು.

೧೯೮೨ರ ಜೂನ್ ೫ರಂದು ಕಾನ್ಸಾಸ್ ಸಿಟಿಯಲ್ಲಿ ಹಳೆಯ ಆಟದ ಮೈದಾನವೊಂದಕ್ಕೆ ಪೇಜನ ಹೆಸರಿಟ್ಟರು. ಎಪ್ಪತ್ತೈದು ತುಂಬಿದ್ದ ಆತನಿಗೆ ಉಸಿರಾಟದ ತೊಂದರೆಯಿದ್ದಿತು. ಗಾಲಿಯ ಕುರ್ಚಿಯಲ್ಲಿ ಕುಳಿತು ಸಮಾರಂಭಕ್ಕೆ ಬಂದನು. ಮೂರು ದಿನಗಳ ಮೇಲೆ, ಜೂನ್ ೮ರಂದು, ಅದೇ ಊರಿನ ತನ್ನ ಮನೆಯಲ್ಲಿ ತೀರಿಕೊಂಡನು.